ಉಜಿಜಿ ಸಂತೆಯ ಮಣಿಯೂ ನಮ್ಮ ಆ್ಯಪ್‌ನ ಅಲರ್ಟೂ

ಬೆಂಗಳೂರಲ್ಲಿ ಕೂತು ಟಾಂಜಾನಿಯಾದ ಮೊಬೈಲ್ ಹಣದ ಏಜೆಂಟರು ಬಳಸುವ ಆ್ಯಪ್ ಟೆಸ್ಟ್ ಮಾಡೋದು ನನ್ನ ಕೆಲಸ. ಅಲ್ಲಿ ಏಜೆಂಟನನ್ನು 'ವಕಾಲಾ' ಅಂತಾರೆ. ಪುಟ್ಟ ಅಂಗಡಿ, ಮೇಜಿನ ಮೇಲೆ ಬೇರೆ ಬೇರೆ ಕಂಪನಿಯ ಫೋನುಗಳು, ಡ್ರಾಯರ್‌ನಲ್ಲಿ ಶಿಲಿಂಗ್ ನೋಟು. ಜನರ ಫೋನ್ ಖಾತೆಯ ಹಣಕ್ಕೆ ನೋಟು ಕೊಟ್ಟರೂ, ನೋಟು ತಗೊಂಡು ಖಾತೆಗೆ ಹಾಕಿದರೂ ಅವನಿಗೆ ಕಮಿಷನ್.

ಸಂತೆಯ ದಿನ ಕೆಲವರ ಲೆಕ್ಕ ವಿಚಿತ್ರವಾಗಿ ಕಾಣುತ್ತಿತ್ತು. ಬೆಳಿಗ್ಗೆ ನೋಟು ಕೊಟ್ಟು ಕೊಟ್ಟು ಡ್ರಾಯರ್ ಖಾಲಿ, ಸಂಜೆ ಹೆಚ್ಚುಕಮ್ಮಿ ಅಷ್ಟೇ ದುಡ್ಡು ವಾಪಸ್. ನಮ್ಮ ಸಿಸ್ಟಮ್‌ಗೆ ಇದು ಕಳ್ಳ ವ್ಯವಹಾರದ ಹಾಗೆ ಕಂಡು ಅಲರ್ಟ್ ಕೊಡುತ್ತಿತ್ತು. ಟಾಂಜಾನಿಯಾದ ಪಶ್ಚಿಮದ ಕಿಗೋಮಾ ಊರಿನ ಕಡೆಯ ಲೆಕ್ಕ ನೋಡುವಾಗ, ಪಕ್ಕದ ಉಜಿಜಿಯ ಬಗ್ಗೆ ಸುಮ್ನೆ ಓದೋಕೆ ಶುರುಮಾಡಿದೆ.

ಟಾಂಗಾನಿಕಾ ಸರೋವರದ ದಡದ ಊರು ಅದು. 1871ರಲ್ಲಿ ಪತ್ರಕರ್ತ ಸ್ಟ್ಯಾನ್ಲಿಗೆ, ಅವನು ಹುಡುಕುತ್ತಿದ್ದ ಅನ್ವೇಷಕ ಲಿವಿಂಗ್‌ಸ್ಟನ್ ಸಿಕ್ಕಿದ್ದು ಅಲ್ಲೇ. ಎಲ್ಲರೂ ಹೇಳೋದು ಅದೊಂದೇ ಕಥೆ, ನನಗೆ ಸಂತೆಯೇ ಜಾಸ್ತಿ ಹಿಡಿಸಿತು. ಮೀನು, ತಾಳೆ ಎಣ್ಣೆ, ಉವಿನ್ಜಾದ ಉಪ್ಪು ಅಲ್ಲಿಗೆ ಬರುತ್ತಿದ್ದವು. ಕರಾವಳಿಗೆ ಹೋಗುವ ದಾರಿಯಲ್ಲಿ ಆನೆದಂತ ಸಾಗುತ್ತಿತ್ತು, ಗುಲಾಮರನ್ನೂ ಸಾಗಿಸುತ್ತಿದ್ದರು. 1874ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ನೌಕಾಪಡೆಯ ವರ್ನಿ ಕ್ಯಾಮರಾನ್ ಒಂದು ವಿಷಯ ಬರೆದಿಟ್ಟಿದ್ದಾನೆ. ಸಂತೆಯಲ್ಲಿ ನಡೆಯುತ್ತಿದ್ದ ಹಣ ಅಂದರೆ 'ಸೋಫಿ' ಮಣಿ, ನೋಡೋಕೆ ತಂಬಾಕು ಸೇದುವ ಚಿಲುಮೆಯ ಮುರಿದ ಕೊಳವೆಯ ಚೂರಿನಂತೆ. ಸಂತೆ ಶುರುವಾಗುವಾಗ ಕೆಲವರು ಚೀಲದ ತುಂಬಾ ಸೋಫಿ ತಂದು ಕೂರುತ್ತಿದ್ದರು. ಕೊಳ್ಳುವವರು ಬೇರೆ ಮಣಿ ಕೊಟ್ಟು ಇದನ್ನು ಪಡೆಯುತ್ತಿದ್ದರು. ಸಂತೆ ಮುಗಿದ ಮೇಲೆ ಮಾರಿದವರಿಂದ ಅದೇ ಸೋಫಿ ವಾಪಸ್. ಎರಡೂ ಸಲ ಲಾಭ!

ನಮ್ಮ ವಕಾಲಾ ಮಾಡೋದೂ ಇದೇ ಅಲ್ವಾ? ಬೆಳಿಗ್ಗೆ ಕೊಳ್ಳುವವರಿಗೆ ನೋಟು ಕೊಡ್ತಾನೆ, ಸಂಜೆ ಮಾರಿದವರಿಂದ ವಾಪಸ್ ತಗೋತಾನೆ.

1914ರಲ್ಲಿ ರೈಲು ಬಂದು ನಿಂತಿದ್ದು ಉಜಿಜಿಯಲ್ಲಲ್ಲ, ಕಿಗೋಮಾದಲ್ಲಿ. ಬಂದರು ಅಲ್ಲೇ ಬೆಳೆಯಿತು, ಉಜಿಜಿ ಹಿಂದೆ ಬಿತ್ತು. ಈಗ ಎರಡೂ ಸೇರಿ ಒಂದೇ ನಗರಸಭೆ.

ಕ್ಯಾಮರಾನ್ ಬರೆದದ್ದನ್ನು ಮೀಟಿಂಗಿನಲ್ಲಿ ಹೇಳಿದೆ. ಈಗ ಪ್ರತಿ ಏಜೆಂಟ್ ಮಾಹಿತಿಯಲ್ಲಿ 'ಸಂತೆ ಯಾವತ್ತು' ಅನ್ನೋ ಜಾಗ ಸೇರಿಸಿದ್ದೇವೆ. ಆ ದಿನಗಳಿಗೆ ಅಲರ್ಟ್ ಮಿತಿ ಬೇರೆ. ರಿಸ್ಕ್ ತಂಡದವರು ಪೂರ್ತಿ ಒಪ್ಪಿಲ್ಲ. ಸಂತೆಯ ನೆಪದಲ್ಲಿ ಯಾರಾದರೂ ನಿಜವಾಗಲೂ ಕಳ್ಳಾಟ ಆಡಿದರೆ ಅನ್ನೋದು ಅವರ ವಾದ. ನ್ಯಾಯವಾದ ಪ್ರಶ್ನೆಯೇ. ಸಂಜೆ ಬಂದ ದುಡ್ಡು ಹತ್ತಾರು ಜನರಿಂದ ಬಂದಿದೆಯೋ, ಒಬ್ಬನಿಂದಲೇ ಬಂದಿದೆಯೋ ಅಂತ ನೋಡುವ ಟೆಸ್ಟ್ ಈ ವಾರ ಬರೆಯುತ್ತಿದ್ದೇನೆ.