ಬೆಕ್ಕಿನ ಬಾಯಾಗ ದಾರ ಕಂಡ್ರ ಜಗ್ಗಬ್ಯಾಡ್ರಿ

ನಮ್ಮ ಅವ್ವ ಬಾಗಲಕೋಟಿ ನವನಗರದಾಗ ಮನ್ಯಾಗ ಕುಂತ ಇಳಕಲ್ ಸೀರಿಗೆ ಕುಚ್ಚು ಕಟ್ಟಿ ಕೊಡ್ತಾಳ, ಮದುವಿ ಸೀಸನ್ ಬಂತಂದ್ರ ಹಾಲ್ ತುಂಬ ರೇಷ್ಮಿ ದಾರದ ಉಂಡಿ, ಮಣಿ, ಸೂಜಿ. ನಮ್ಮ ಬೆಳ್ಳಿಗೆ, ಅಂದ್ರ ನಮ್ಮ ಎರಡು ವರ್ಷದ ಬಿಳಿ ಬೆಕ್ಕಿಗೆ, ಅದ ಆಟದ ಸಾಮಾನು. ಹೋದ ತಿಂಗಳು ಒಂದ ರವಿವಾರ ಮುಂಜಾನೆ ನಾಕ್ ಸಲ ವಾಂತಿ ಮಾಡ್ಕೊಂಡು ಮಂಚದ ಕೆಳಗ ಹೋಗಿ ಕುಂತ್ಲು. ಮೀನು ತೋರ್ಸಿದ್ರೂ ಬರಲಿಲ್ಲ. ಎತ್ಕೊಂಡು ಬಾಯಿ ತಗದ ನೋಡಿದ್ರ ಜೊಲ್ಲು, ನಾಲಿಗಿ ಕೆಳಗ ಕೆಂಪು ದಾರದ ತುದಿ.

ಅವ್ವ ಅದನ್ನ ಹಿಡದ ಎಳಿಯಾಕ ಹೊಂಟಿದ್ಲು. "ಅವ್ವಾ ತಡಿ, ಡಾಕ್ಟ್ರಿಗೆ ಕೇಳೂಣು" ಅಂತ ಫೋನ್ ಹಚ್ಚಿದೆ. ಮೂರನೇ ನಂಬರ್‌ಗೆ ಒಬ್ರು ಎತ್ತಿದ್ರು, ಎತ್ತಿದವ್ರ ಮೊದಲ ಹೇಳಿದ್ದು ಇಷ್ಟ: "ಜಗ್ಗಬ್ಯಾಡ್ರಿ, ಕತ್ತರಿಸಬ್ಯಾಡ್ರಿ, ಬಾಯಿಗೆ ಏನೂ ಹಾಕಬ್ಯಾಡ್ರಿ, ಹಂಗ ಕರ್ಕೊಂಡ ಬರ್ರಿ."

ಯಾಕಂತ ಆಮ್ಯಾಲ ತಿಳೀತು. ಬೆಕ್ಕಿನ ನಾಲಿಗಿ ಮ್ಯಾಲಿನ ಮುಳ್ಳು ಗಂಟಲ ಕಡೆ ಬಾಗಿರ್ತಾವ, ಹಿಂಗಾಗಿ ದಾರ ಒಮ್ಮೆ ಬಾಯಾಗ ಹೋತಂದ್ರ ಉಗುಳಾಕ ಬರಂಗಿಲ್ಲ, ನುಂಗೂದ ಒಂದ ದಾರಿ. ಒಂದ ತುದಿ ನಾಲಿಗಿ ಬುಡಕ ಸಿಕ್ಕೊಂಡು ಇನ್ನೊಂದ ತುದಿ ಕಳ್ಳಿಗೆ, ಅಂದ್ರ ಕರುಳಿಗೆ, ಹೋದ್ರ, ಕಳ್ಳು ಅದನ್ನ ಮುಂದ ನೂಕಾಕ ನೋಡ್ತೈತಿ, ದಾರ ಬಿಡಂಗಿಲ್ಲ, ಲಾಡಿ ಎಳದ ಲಂಗದಂಗ ಕಳ್ಳು ನೆರಿಗಿ ಬೀಳ್ತೈತಿ. ಆವಾಗ ನಾವು ಹೊರಗಿಂದ ಜಗ್ಗಿದ್ರ ಬಿಗದ ದಾರ ಒಳಗ ಕಳ್ಳನ್ನ ಕೊಯ್ತೈತಿ, ಹೊಟ್ಟಿ ತುಂಬ ನಂಜು. ಅವ್ವನ ಕೈ ನಾಕ ಸೆಕೆಂಡ್ ಮುಂದ ಹೋಗಿದ್ರ ಅಂತ ಈಗಲೂ ನೆನಿಸ್ಕೊಂಡ್ರ ಮೈ ಝುಮ್ ಅಂತೈತಿ.

ಇನ್ನೊಂದ ಮಾತು. ಬಾಜೂ ಮನಿ ಕಾಕು ಪಾಪ ಕಳಕಳಿಯಿಂದನ "ಅರ್ಧ ಪ್ಯಾರಾಸಿಟಮಾಲ್ ಕೊಡವಾ, ಕೂಸಿಗೂ ಅದನ್ನ ಕೊಡ್ತೀವಲ್ಲ" ಅಂದ್ರು. ಕೊಡಬ್ಯಾಡ್ರಿ, ಚೂರೂ ಕೊಡಬ್ಯಾಡ್ರಿ. ಅದನ್ನ ಅರಗಿಸೋ ಶಕ್ತಿ ಬೆಕ್ಕಿನ ಲಿವರ್‌ಗಿಲ್ಲ, ರಕ್ತ ಆಕ್ಸಿಜನ್ ಹೊರೂದು ನಿಲ್ಲಸ್ತೈತಿ, ವಸಡಿ ಕಂದು ಬಣ್ಣಕ್ಕ ತಿರಗ್ತಾವ, ಮುಖ ಬಾತ್ಕೋತೈತಿ. ಒಂದ ಗುಳಿಗಿ ಸಾಕು ಜೀವ ಹೋಗಾಕ.

ಹಳೇ ಟವೆಲ್ಲಿನ್ಯಾಗ ಸುತ್ತಿ, ತೂತು ಮಾಡಿದ ರಟ್ಟಿನ ಡಬ್ಬಿಯಾಗ ಇಟ್ಕೊಂಡ ಹೋದ್ವಿ. ಟವೆಲ್ ಬೇಕ ಬೇಕ್ರಿ, ನೋವಿನ್ಯಾಗ ಸಾಕಿದ ಬೆಕ್ಕೂ ಕಚ್ಚತೈತಿ. ಎಕ್ಸ್‌ರೇದಾಗ ರೇಷ್ಮಿ ದಾರ ಕಾಣಂಗಿಲ್ಲ, ಆದ್ರ ಒಂದ ಕಡೆ ಮುದ್ದಿಯಾದ ಕಳ್ಳು ಕಾಣ್ತು, ಸೂಜಿ ಇರಲಿಲ್ಲ, ಅಷ್ಟ ಪುಣ್ಯ. ಆಪರೇಷನ್‌ಗೆ ಬೆಳಗಾವಿಗೆ ಹೋಗ್ರಿ ಅಂದ್ರು. ಸಲೈನ್ ಹಚ್ಚಿಸ್ಕೊಂಡು ಲೋಕಾಪುರ, ಯರಗಟ್ಟಿ ದಾಟಿ ಹೋಗೂ ತನಕ ನಾನು ಡಬ್ಬಿ ತೂತಿನ್ಯಾಗ ಬೆರಳು ಇಟ್ಕೊಂಡ ಕುಂತಿದ್ದೆ, ಆಕಿ ಮೂಗು ತಾಗ್ತೈತೋ ಇಲ್ಲೋ ಅಂತ. ಹೊಟ್ಟ್ಯಾಗ ಒಂದ ಕಡೆ, ಕಳ್ಳಿನ್ಯಾಗ ಎರಡ ಕಡೆ ಕೊಯ್ದು ದಾರ ತಗದ್ರು, ನನ್ನ ಮೊಳದಷ್ಟು ಉದ್ದ ಇತ್ತು. ಮೂರು ದಿನ ಅಲ್ಲೇ ಇಟ್ಕೊಂಡ್ರು.

ಹೋದ ವಾರ ಹೊಲಿಗಿ ಬಿಚ್ಚಿಸ್ಕೊಂಡ ಬಂದ್ವಿ. ಅವ್ವ ಈಗ ಊಟಕ್ಕ ಏಳಬೇಕಂದ್ರೂ ದಾರ ಎಲ್ಲಾ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಡದ, ನೆಲದ ಮ್ಯಾಲ ಕೈಯಾಡ್ಸಿ ತುಂಡು ಏನರ ಉಳದೈತೇನ ಅಂತ ನೋಡೇ ಏಳ್ತಾಳ.