ಮೇಜಿನ ಮೇಲೆ ಉಳಿದ ಪುಸ್ತಕಗಳ ಲೆಕ್ಕ

ಹಾಸನದ ಪದವಿ ಕಾಲೇಜೊಂದರಲ್ಲಿ ಪೂರ್ಣಾವಧಿ ಗ್ರಂಥಪಾಲಕಿಯಾಗಿದ್ದುಕೊಂಡು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಅರೆಕಾಲಿಕ ಪಿಎಚ್.ಡಿ. ಮಾಡುತ್ತಿದ್ದೇನೆ. ಇದೇ ದಾರಿ ಹಿಡಿಯಬೇಕೆಂದಿರುವ ಸಹೋದ್ಯೋಗಿಗಳು ಭೇಟಿಯಾದಾಗಲೆಲ್ಲ ಮೊದಲು ಕೇಳುವುದು ಸಮಯ ಹೇಗೆ ಸಿಗುತ್ತದೆ ಎಂದು. ಸಮಯಕ್ಕಿಂತ ಮೊದಲು ಯೋಚಿಸಬೇಕಾದದ್ದು ಸಂಶೋಧನೆಯ ಪ್ರಶ್ನೆ ಯಾವುದು ಎಂಬುದನ್ನು ಎಂದೇ ನನ್ನ ದೃಢವಾದ ಅಭಿಪ್ರಾಯ. ದಿನದ ಕೆಲಸಕ್ಕೆ ದೂರವಾದ ವಿಷಯವನ್ನು ಆರಿಸಿಕೊಂಡರೆ ಅದಕ್ಕೆ ಉಳಿಯುವುದು ದಣಿದ ರಾತ್ರಿಗಳಷ್ಟೇ. ಪ್ರಶ್ನೆ ಕೆಲಸದೊಳಗಿಂದಲೇ ಹುಟ್ಟಿದ್ದಾದರೆ ಹಗಲು ಕಂಡದ್ದೆಲ್ಲ ಬರವಣಿಗೆಗೆ ಸಾಮಗ್ರಿಯಾಗುತ್ತದೆ.

ನಿಯಮಗಳು ಈ ದಾರಿಗೆ ಅಡ್ಡಿಯಾಗಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಟ್ಟಿದೆ. ಸಂಶೋಧನೆಯ ಜೊತೆ ಮುಗಿಸಬೇಕಾದ ಪಾಠಗಳಾದ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ ಎಂದು ಅವಧಿ ಗೊತ್ತುಪಡಿಸಿ, ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕೆಂದು ಹೇಳುತ್ತದೆ. ಅಭ್ಯರ್ಥಿಯ ಕರ್ತವ್ಯಗಳ ನಡುವೆ ಸಂಶೋಧನೆಗೆ ಸಾಕಷ್ಟು ಸಮಯವಿದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂದು ಆ ಪತ್ರದಲ್ಲಿ ಸಂಸ್ಥೆ ಒಪ್ಪಿಕೊಳ್ಳಬೇಕು. ಆದರೆ ಪರೀಕ್ಷೆಗೆ ಮುಂಚೆ ಪುಸ್ತಕ ಬಾಕಿಯಿಲ್ಲವೆಂಬ ನೋ ಡ್ಯೂ ಸಹಿಗಾಗಿ ನಿಲ್ಲುವ ಸಾಲು, ವರ್ಷಕ್ಕೊಮ್ಮೆಯ ಸ್ಟಾಕ್ ವೆರಿಫಿಕೇಶನ್, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕೆ ಮುನ್ನ ಸಿದ್ಧವಾಗಬೇಕಾದ ಕಡತಗಳು ಇವೆಲ್ಲ ಎದುರಾದಾಗ ಪತ್ರದ ಆ ವಾಕ್ಯ ನೆರವಿಗೆ ಬರುವುದಿಲ್ಲ. ಅಂಥ ವಾರಗಳಲ್ಲಿ ಬರವಣಿಗೆಯನ್ನು ಪೂರ್ತಿ ನಿಲ್ಲಿಸಿ, ದತ್ತಾಂಶ ಸಂಗ್ರಹವನ್ನು ಮಾತ್ರ ಬಿಡದೆ ನಡೆಸುತ್ತೇನೆ. ಓದಬೇಕಾದ ಲೇಖನಗಳಲ್ಲಿ ಹೆಚ್ಚಿನವು ಮಾರ್ಗದರ್ಶಕರನ್ನು ಕಾಣಲು ಮೈಸೂರಿಗೆ ಹೋಗುವ ರೈಲಿನಲ್ಲಿ, ಹೊಳೆನರಸೀಪುರಕ್ಕೂ ಕೃಷ್ಣರಾಜನಗರಕ್ಕೂ ನಡುವೆ ಮುಗಿಯುತ್ತವೆ.

ಎರವಲು ಹೋಗದೆ ಗ್ರಂಥಾಲಯದೊಳಗೇ ನಡೆಯುವ ಓದನ್ನು ಎಣಿಸುವುದು ಹೇಗೆ ಎಂಬ ನನ್ನ ಪ್ರಶ್ನೆ ಹುಟ್ಟಿದ್ದು ಕೌಂಟರಿನಲ್ಲಿ. ಎರವಲು ದಾಖಲೆಯನ್ನಷ್ಟೇ ನೋಡಿ ಇಂಥ ಪುಸ್ತಕವನ್ನು ಯಾರೂ ಓದುವುದಿಲ್ಲ ಎಂದು ತೀರ್ಮಾನಿಸುವುದು ನಮ್ಮಲ್ಲಿ ರೂಢಿಯಾಗಿದೆ; ಹೊಸದನ್ನು ಕೊಳ್ಳುವುದು, ಹಳೆಯದನ್ನು ರದ್ದುಪಡಿಸುವುದು ಎರಡಕ್ಕೂ ಅದೇ ಆಧಾರ. ಹಾಸನ ಜಿಲ್ಲೆಯ ಶಾಸನಗಳಿರುವ, 1902ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟವನ್ನೇ ನೋಡಿ. ಅಲ್ಲಿಯೇ ಕುಳಿತು ನೋಡಬೇಕಾದ ಪರಾಮರ್ಶನ ವಿಭಾಗದ ಪುಸ್ತಕವಾದ್ದರಿಂದ ಅದು ಯಾರ ಹೆಸರಿಗೂ ಹೋಗುವುದಿಲ್ಲ, ಹೀಗಾಗಿ ದಾಖಲೆಯ ಪ್ರಕಾರ ಅದಕ್ಕೆ ಓದುಗರೇ ಇಲ್ಲ. ಆದರೆ ಬೇಲೂರು, ಹಳೇಬೀಡುಗಳ ಬಗ್ಗೆ ಪ್ರಬಂಧ ಬರೆಯುವ ಇತಿಹಾಸ ವಿದ್ಯಾರ್ಥಿಗಳು ಎದ್ದುಹೋದ ಮೇಲೆ ಮೇಜಿನ ಮೇಲೆ ತೆರೆದಿರುವುದು ಅದೇ ಸಂಪುಟ. ನಿಘಂಟು, ಗ್ಯಾಸೆಟಿಯರುಗಳದ್ದೂ, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗಳಿಗೆ ಓದುವವರು ಕೈಗೆತ್ತಿಕೊಳ್ಳುವ ಇಯರ್‌ಬುಕ್‌ಗಳದ್ದೂ ಇದೇ ಕಥೆ.

ಈ ಚರ್ಚೆಗೆ ಹಿನ್ನೆಲೆಯಿದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅಲೆನ್ ಕೆಂಟ್ ಮತ್ತು ಸಂಗಡಿಗರು ನಡೆಸಿ 1979ರಲ್ಲಿ ಪ್ರಕಟಿಸಿದ ಅಧ್ಯಯನವು, 1969ರಲ್ಲಿ ಸೇರ್ಪಡೆಯಾದ ಪುಸ್ತಕಗಳಲ್ಲಿ ಸುಮಾರು ಶೇ. 40ರಷ್ಟು ಮೊದಲ 6 ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗಿರಲಿಲ್ಲ ಎಂದು ತೋರಿಸಿತು. ಗ್ರಂಥಾಲಯದ ಒಳಗೇ ನಡೆಯುವ ಓದನ್ನು ಸರಿಯಾಗಿ ಅಳೆದಿಲ್ಲವೆಂಬ ಆಕ್ಷೇಪ ಅದೇ ವಿಶ್ವವಿದ್ಯಾಲಯದ ಅಧ್ಯಾಪಕರಿಂದಲೇ ಬಂತು. ಆ ಆಕ್ಷೇಪ ನಮ್ಮ ಕಾಲೇಜುಗಳಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಬಸ್ಸಿನ ಹೊತ್ತಿಗೆ ಊರಿಗೆ ಹೊರಡಬೇಕಾದ, ಮನೆಯಲ್ಲಿ ಓದಲು ಜಾಗವಿಲ್ಲದ ವಿದ್ಯಾರ್ಥಿ ಪುಸ್ತಕವನ್ನು ಇಲ್ಲಿಯೇ ಓದಿ ಮುಗಿಸುತ್ತಾನೆ. ಅವನ ಓದು ಯಾವ ವರದಿಗೂ ಸೇರುವುದಿಲ್ಲ.

ಅದನ್ನು ಎಣಿಸುವ ವಿಧಾನ ಸರಳವಾಗಿದೆ. ಓದಿದ ಪುಸ್ತಕವನ್ನು ಕಪಾಟಿಗೆ ಮರಳಿಸದೆ ಮೇಜಿನ ಮೇಲೆಯೇ ಬಿಡಿ ಎಂದು ಫಲಕ ಹಾಕಬೇಕು. ಸಂಜೆ ಅವನ್ನು ಜೋಡಿಸುವ ಮೊದಲು ಒಂದೊಂದರ ಬಾರ್‌ಕೋಡನ್ನು ಸ್ಕ್ಯಾನ್ ಮಾಡಬೇಕು. ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶದಲ್ಲಿ ಸೂಕ್ತ ಆಯ್ಕೆಯನ್ನು ಚಾಲೂ ಮಾಡಿಟ್ಟರೆ, ಎರವಲು ಹೋಗಿರದ ಪುಸ್ತಕವನ್ನು ವಾಪಸು ಪಡೆಯುವ ಪರದೆಯಲ್ಲಿ ಸ್ಕ್ಯಾನ್ ಮಾಡಿದಾಗ ಅದು ಸ್ಥಳೀಯ ಬಳಕೆ ಎಂದು ದಾಖಲಾಗುತ್ತದೆ. ಫಲಕವಿದ್ದರೂ ಅಚ್ಚುಕಟ್ಟಾಗಿ ಪುಸ್ತಕವನ್ನು ಸ್ವಸ್ಥಾನಕ್ಕೆ ಸೇರಿಸಿ ಹೋಗುವವರಿರುತ್ತಾರೆ, ಒಂದೇ ಪುಸ್ತಕವನ್ನು ಒಂದೇ ದಿನ ಹಲವರು ನೋಡಿರುತ್ತಾರೆ. ಆದ್ದರಿಂದ ಈ ಸಂಖ್ಯೆ ನಿಜವಾದ ಬಳಕೆಗಿಂತ ಕಡಿಮೆಯೇ ಇರುತ್ತದೆಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಹೇಳಲೇಬೇಕು.

ಪ್ರಶ್ನಾವಳಿ ಹಂಚಿದರೆ ಬೇಗ ಮುಗಿಯುತ್ತದಲ್ಲ ಎಂದು ಹಲವರು ಸಲಹೆ ಕೊಟ್ಟರು. ನಮ್ಮ ಕ್ಷೇತ್ರದ ಪ್ರಬಂಧಗಳನ್ನು ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ತೆರೆದು ನೋಡಿದರೆ ಅಂಥ ಪ್ರಶ್ನಾವಳಿಗಳೇ ಎದ್ದುಕಾಣುತ್ತವೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಾಳೆ ನನ್ನಿಂದಲೇ ನೋ ಡ್ಯೂ ಸಹಿ ಪಡೆಯಬೇಕಾದ ವಿದ್ಯಾರ್ಥಿನಿಯ ಕೈಗೆ, ಗ್ರಂಥಾಲಯದ ಸೇವೆ ಹೇಗಿದೆ ಎಂಬ ಹಾಳೆಯನ್ನು ನಾನೇ ಕೊಟ್ಟರೆ ಅವಳು ಬಹಳ ತೃಪ್ತಿಕರ ಎಂಬ ಕಡೆ ಗುರುತು ಹಾಕದೆ ಇನ್ನೇನು ಮಾಡಿಯಾಳು? ಅಭಿಪ್ರಾಯ ಸಂಗ್ರಹಿಸಲೇಬೇಕಾದಲ್ಲಿ ಬೇರೆ ಕಾಲೇಜಿನ ಗ್ರಂಥಪಾಲಕರು ನಮ್ಮಲ್ಲಿಯೂ, ನಾನು ಅವರಲ್ಲಿಯೂ ಕೇಳುವುದು ಹೆಚ್ಚು ಪ್ರಾಮಾಣಿಕವಾದ ಕ್ರಮ.

ಇದಕ್ಕಿಂತ ಗಂಭೀರವಾದ ವಿಷಯ ಓದುಗರ ಗೌಪ್ಯತೆಯದು. ಯಾರು ಯಾವ ಪುಸ್ತಕ ಒಯ್ದರೆಂಬುದು ಉದ್ಯೋಗದ ಕಾರಣದಿಂದ ನನಗೆ ತಿಳಿಯುತ್ತದೆ; ಸಂಶೋಧಕಿಯಾಗಿ ಅದನ್ನು ತಿಳಿಯುವ ಹಕ್ಕು ನನಗಿಲ್ಲ. ಪ್ರಾಂಶುಪಾಲರ ಲಿಖಿತ ಅನುಮತಿ ಪಡೆದ ಮೇಲೂ ಸದಸ್ಯತ್ವ ಸಂಖ್ಯೆಗಳನ್ನು ತೆಗೆದುಹಾಕಿಯೇ ದಾಖಲೆಯನ್ನು ಅಧ್ಯಯನಕ್ಕೆ ಬಳಸುತ್ತೇನೆ. ಮೇಜಿನ ಎಣಿಕೆಯಲ್ಲಿ ಪುಸ್ತಕವನ್ನು ಯಾರು ಓದಿದರೆಂಬ ಮಾಹಿತಿ ಮೊದಲೇ ಇರುವುದಿಲ್ಲವೆಂಬುದು ಆ ವಿಧಾನದ ದೊಡ್ಡ ಗುಣ.

ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಪ್ರಕಟವಾದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳೂ, ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ 1933ರ ಕೋಲನ್ ವರ್ಗೀಕರಣವೂ ಅವರು ಆ ಹುದ್ದೆಯಲ್ಲಿದ್ದಾಗಿನವೇ. ಗ್ರಂಥಗಳಿರುವುದು ಬಳಕೆಗಾಗಿ ಎಂಬ ಮೊದಲ ಸೂತ್ರವನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು. ಬಳಕೆಯೆಂದು ಯಾವುದನ್ನು ಎಣಿಸಬೇಕೆಂದು ನಮ್ಮ ನಮ್ಮ ಓದುವ ಕೋಣೆಯಲ್ಲಿ ನಿಂತು ಕೇಳಿಕೊಳ್ಳುವ ಅವಕಾಶ, ಕೆಲಸದಲ್ಲಿರುವ ನಮಗಿರುವಷ್ಟು ಬೇರೆ ಯಾರಿಗೂ ಇಲ್ಲ.

ಸಕಲೇಶಪುರ, ಅರಕಲಗೂಡು ಕಡೆಯ ಗ್ರಂಥಪಾಲಕ ಮಿತ್ರರಲ್ಲಿ ನನ್ನ ಕೋರಿಕೆಯೊಂದಿದೆ. ತಂತ್ರಾಂಶವಿಲ್ಲದೆ ಲೆಡ್ಜರಿನಲ್ಲೇ ಕೆಲಸ ನಡೆಯುತ್ತಿದ್ದರೂ ಈ ಎಣಿಕೆ ಸಾಧ್ಯ. ದಿನಾಂಕ, ಪರಿಗ್ರಹಣ ಸಂಖ್ಯೆ (ಪುಸ್ತಕ ಸೇರ್ಪಡೆಯಾದಾಗ ಕೊಟ್ಟ ಕ್ರಮಸಂಖ್ಯೆ), ವಿಷಯ ಸೂಚಿಸುವ ವರ್ಗ ಸಂಖ್ಯೆ, ಪುಸ್ತಕ ಪರಾಮರ್ಶನ ವಿಭಾಗದ್ದೋ ಎರವಲಿನದ್ದೋ ಎಂಬ ಗುರುತು, ಇಷ್ಟು ಕಲಮುಗಳಿರುವ ಹಾಳೆ ಸಾಕು. ಹೆಸರಿನ ಕಲಮು ಬೇಡ. ಪರೀಕ್ಷೆಯ ತಿಂಗಳಲ್ಲಿ ಒಂದು ವಾರ, ಪಾಠಗಳು ನಡೆಯುವ ತಿಂಗಳಲ್ಲಿ ಒಂದು ವಾರ ಬರೆದಿಟ್ಟರೆ ಎರಡನ್ನೂ ಹೋಲಿಸಿ ನೋಡಬಹುದು.