ಬೀಪ್ ಬಂತು ಅಂತ ನಂಬಿದ ವೈರು

ತೀರ್ಥಹಳ್ಳಿಯಲ್ಲಿ ನನ್ನದು ರಿಪೇರಿ ಅಂಗಡಿ. ಮೊದಲು ಬರೀ ಟಿವಿ, ಈಗ ಇನ್ವರ್ಟರ್, ಪಂಪ್‌ಸೆಟ್ಟಿನ ಸ್ಟಾರ್ಟರ್ ಬೋರ್ಡು, ಸಿಡಿಲು ಹೊಡೆದ ಮಾಲು. ಹೊಸದಾಗಿ ಏನನ್ನಾದರೂ ಕಟ್ಟುವ ಹುಡುಗರು ಬರುವುದು ಅಪರೂಪ. ಹಾಗಾಗಿ ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ಡಿಪ್ಲೊಮಾ ಓದುವ ಹುಡುಗನೊಬ್ಬ ಪ್ಲಾಸ್ಟಿಕ್ ಡಬ್ಬಿ ಹಿಡಿದು ಬಂದಾಗ ಖುಷಿಯಾಗಿಯೇ ಒಳಗೆ ಕರೆದೆ.

ಸುಲಿದು ಬೇಯಿಸಿದ ಅಡಿಕೆಯನ್ನು ಅಂಗಳಕ್ಕೆ ಹಾಕಿದ ಮೇಲೆ ಮೋಡ ಕಟ್ಟಿದರೆ ನಮ್ಮ ಕಡೆ ಯಾರಿಗೂ ನಿದ್ದೆ ಬರುವುದಿಲ್ಲ. ಇವನು ಮನೆಗೆ ಅಂತ ಸಣ್ಣ ಡ್ರೈಯರ್ ಮಾಡಿದ್ದ. ಎರಡು ಹೀಟರ್ ಕಾಯಿಲ್, ಒಂದು ಬ್ಲೋವರ್, ಒಂದು ಎಕ್ಸಾಸ್ಟ್ ಫ್ಯಾನು. ನಾಲ್ಕಕ್ಕೂ ನಾಲ್ಕು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು) ಇರುವ ಬೋರ್ಡು, ಮಿದುಳಿನ ಜಾಗದಲ್ಲಿ ಆರ್ಡುಯಿನೊ ಊನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಬಿಸಿ ನೋಡಲು ಸೆನ್ಸರ್ ಆಗಿ ಎಲ್‌ಎಂ35. 58 ಡಿಗ್ರಿಗಿಂತ ಇಳಿದರೆ ಎಲ್ಲ ಆನ್, 60 ದಾಟಿದರೆ ಆಫ್. ಲೆಕ್ಕ ಅಷ್ಟೇ.

ಮನೆಯಲ್ಲಿ ಹಚ್ಚಿದರೆ ಮೊದಲು ಚೆನ್ನಾಗಿ ಓಡುತ್ತದೆ. 54–55ರ ಹತ್ತಿರ ಬಂದದ್ದೇ ನಾಲ್ಕೂ ರಿಲೇ ಟಕ ಟಕ ಟಕ ಅಂತ ಬಡಿದುಕೊಳ್ಳಲು ಶುರು. "ದೆವ್ವ ಹೊಕ್ಕ ಹಾಂಗೆ ಆಡ್ತದೆ ಅಣ್ಣಾ, ಅಮ್ಮ ಹತ್ರ ಹೋಗೋಕೂ ಹೆದರ್ತಾರೆ" ಅಂದ.

ನಾನು ಮಾಡಿದ್ದು ಏನು ಅಂತ ಹೇಳಲು ಸ್ವಲ್ಪ ನಾಚಿಕೆ. ಸೆನ್ಸರ್ ಬದಲಿಸಿದೆ. ಹೋಗಲಿಲ್ಲ, ಇನ್ನೊಂದು ಬದಲಿಸಿದೆ. ಸಪ್ಲೈಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಸಪ್ಲೈ ಕೊಡುವ ಎಸ್‌ಎಂಪಿಎಸ್ಸನ್ನೇ ಬದಲಿಸಿದೆ. ಹುಡುಗ ತನ್ನ ಪಾಲಿಗೆ ಪ್ರೋಗ್ರಾಮಿನಲ್ಲಿ ಇಪ್ಪತ್ತು ರೀಡಿಂಗ್ ತೆಗೆದು ಸರಾಸರಿ ಹಾಕಿದ. ಅದರಿಂದ ಆದದ್ದು ಇಷ್ಟೆ: ಸೆಕೆಂಡಿಗೊಮ್ಮೆ ಬಡಿಯುತ್ತಿದ್ದ ರಿಲೇ ಐದು ಸೆಕೆಂಡಿಗೊಮ್ಮೆ ಬಡಿಯಿತು. ಅಲ್ಲೇ ನನಗೆ ತಲೆಗೆ ಹೋಗಬೇಕಿತ್ತು. ಮೇಲೆ ಕೆಳಗೆ ಕುಣಿಯುವ ಗಲಾಟೆಯಾಗಿದ್ದರೆ ಸರಾಸರಿಯಲ್ಲಿ ಕರಗುತ್ತಿತ್ತು. ಇದು ರಿಲೇ ಆನ್ ಆದಾಗೆಲ್ಲ ಒಂದೇ ಅಳತೆಯಲ್ಲಿ ಮೇಲೇರಿ ಕೂರುವ ತಪ್ಪು. ಅದಕ್ಕೆ ಇಪ್ಪತ್ತಲ್ಲ, ಇನ್ನೂರು ರೀಡಿಂಗಿನ ಸರಾಸರಿ ಹಾಕಿದರೂ ಅದೇ ತಪ್ಪೇ ಬರುತ್ತದೆ.

ಇನ್ನೊಂದು ಸುಳಿವು ಮೊದಲ ದಿನವೇ ಕಣ್ಣೆದುರು ಇತ್ತು. ಅಂಗಡಿಯಲ್ಲಿ ಪವರ್ ಕೊಟ್ಟ ಕೂಡಲೇ ಡಿಸ್‌ಪ್ಲೇ 32 ತೋರಿಸಿತ್ತು. ಹೊರಗೆ ಜಿಟಿಜಿಟಿ ಮಳೆ, ನಾನು ಸ್ವೆಟರ್ ಹಾಕಿ ಕೂತಿದ್ದೆ. ತಗಡಿನ ಮಾಡು, ಒಳಗೆ ಸೆಕೆ ಇರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸೆನ್ಸರಿನದ್ದೂ ರಿಲೇಯದ್ದೂ ಬೇರೆ ಬೇರೆ ಸರ್ಕ್ಯೂಟು ಅನ್ನುವುದರಲ್ಲಿ ಇಬ್ಬರಿಗೂ ಅನುಮಾನ ಇರಲಿಲ್ಲ. "ರಿಲೇ ಬೋರ್ಡಲ್ಲಿ ಆಪ್ಟೋ ಇದೆಯಲ್ಲ ಅಣ್ಣಾ, ಒಳಗಿಂದೊಳಗೇ ಬೇರೆ ಮಾಡಿರ್ತಾರೆ" ಅಂದ. ವೈರು ತಾಗಿಸದೆ ಬೆಳಕಿನಲ್ಲೇ ಸಿಗ್ನಲ್ ದಾಟಿಸುವ ಆಪ್ಟೋ ಇತ್ತು, ನಿಜ. ಆದರೆ ಆ ಬೋರ್ಡಿನ ಮೂಲೆಯಲ್ಲಿ ಜೆಡಿ-ವಿಸಿಸಿಗೂ (ರಿಲೇ ಕಾಯಿಲ್ಲಿನ ಸಪ್ಲೈ ಪಿನ್ನು) ವಿಸಿಸಿಗೂ (ಆರ್ಡುಯಿನೊ ಕಡೆಯ ಸಪ್ಲೈ ಪಿನ್ನು) ಒಂದು ಪುಟ್ಟ ಜಂಪರ್ ಸಿಕ್ಕಿಸಿಯೇ ಮಾರುತ್ತಾರೆ. ಅದು ಕೂತಿರುವವರೆಗೆ ರಿಲೇ ಕಾಯಿಲ್ಲಿಗೂ ಆರ್ಡುಯಿನೊಗೂ ಒಂದೇ ಸಪ್ಲೈ, ಒಂದೇ ಗ್ರೌಂಡ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ. ಆಪ್ಟೋ ಇದ್ದೂ ಇಲ್ಲದ ಹಾಗೆ.

ಮೂರನೇ ದಿನ ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದು, ಪಾರ್ಟ್ ಮುಟ್ಟುವುದು ಬಿಟ್ಟು ಬರೀ ವೈರುಗಳನ್ನು ನೋಡುತ್ತ ಕೂತೆ. ಆರ್ಡುಯಿನೊದ ಗ್ರೌಂಡಿನಿಂದ ಒಂದು ತೆಳು ಕಪ್ಪು ಜಂಪರ್ ವೈರು ರಿಲೇ ಬೋರ್ಡಿಗೆ ಹೋಗಿತ್ತು. ಸೆನ್ಸರಿನ ಗ್ರೌಂಡನ್ನು ಹುಡುಗ ಆ ರಿಲೇ ಬೋರ್ಡಿನ ತುದಿಯಿಂದ ಎತ್ತಿಕೊಂಡಿದ್ದ, ಹತ್ತಿರವಾಗುತ್ತದೆ ಅಂತ. ಆ ಕಪ್ಪು ವೈರನ್ನು ನಾನು ಹಿಂದೆಯೇ ಮೀಟರಿನಲ್ಲಿ ಬೀಪ್ ಹಾಕಿ ನೋಡಿದ್ದೆ, ಬಂದಿತ್ತು. ಬೀಪ್ ಅಂದರೆ ವೈರು ತುಂಡಾಗಿಲ್ಲ ಅಂತ ಅಷ್ಟೆ. ಓಮ್ ರೇಂಜಿನಲ್ಲಿ ನೋಡಿದರೂ ಮೀಟರಿನ ಪ್ರೋಬ್ ವೈರಿನದ್ದೇ ಅಷ್ಟು ಇರುವುದರಿಂದ ಏನೂ ಗೊತ್ತಾಗುತ್ತಿರಲಿಲ್ಲ.

ಮೀಟರನ್ನು 200 ಮಿಲಿವೋಲ್ಟ್ ರೇಂಜಿಗೆ ತಿರುಗಿಸಿದೆ. ಒಂದು ಪ್ರೋಬ್ ಆರ್ಡುಯಿನೊದ ಗ್ರೌಂಡ್ ಪಿನ್ನಿಗೆ, ಇನ್ನೊಂದು ಸೆನ್ಸರಿನ ಗ್ರೌಂಡ್ ಕಾಲಿಗೆ. ಡ್ರಾಯಿಂಗಿನ ಪ್ರಕಾರ ಎರಡೂ ಒಂದೇ ಜಾಗ, ಸೊನ್ನೆ ಬರಬೇಕು. ರಿಲೇ ಎಲ್ಲ ಆಫ್ ಇದ್ದಾಗ ಹೆಚ್ಚುಕಮ್ಮಿ ಸೊನ್ನೆಯೇ. ಒಂದು ರಿಲೇ ಹಾಕಿದೆ: 14. ಎರಡು: 28. ನಾಲ್ಕೂ ಹಾಕಿದಾಗ 57 ಮಿಲಿವೋಲ್ಟ್. ಹುಡುಗ ಬಗ್ಗಿ ಮೀಟರ್ ನೋಡಿದ, ಆಮೇಲೆ ನನ್ನ ಮುಖ ನೋಡಿದ.

ಲೆಕ್ಕ ಹಾಕಿದರೆ ಅದರಲ್ಲಿ ಗುಟ್ಟೇನೂ ಇಲ್ಲ. ಐದು ವೋಲ್ಟಿನ ಆ ರಿಲೇ ಕಾಯಿಲ್ 70 ಓಮ್ ಸುಮಾರಿನದ್ದು, ಒಂದೊಂದೂ 70 ಮಿಲಿಆಂಪ್ ಎಳೆಯುತ್ತದೆ. ನಾಲ್ಕಕ್ಕೆ 280. ಕಡ್ಡಿಯಂಥ ವೈರು, ಸಡಿಲ ಪಿನ್ನು ಸೇರಿ ಕಾಲು ಓಮಿಗೂ ಕಡಿಮೆ. ಆದರೆ ಎಲ್‌ಎಂ35 ಕೊಡುವುದು ಡಿಗ್ರಿಗೆ ಹತ್ತೇ ಮಿಲಿವೋಲ್ಟ್. ಅಂದರೆ 57 ಮಿಲಿವೋಲ್ಟಿಗೆ ಐದೂಮುಕ್ಕಾಲು ಡಿಗ್ರಿ ಸುಳ್ಳು. ಪೆಟ್ಟಿಗೆಯೊಳಗೆ ನಿಜಕ್ಕೂ 55 ಇದ್ದಾಗ ರಿಲೇ ಹತ್ತಿದ ಕೂಡಲೇ 60 ದಾಟಿತು ಅಂತ ಕಾಣುತ್ತದೆ, ಆಫ್ ಮಾಡುತ್ತದೆ. ಆಫ್ ಆದದ್ದೇ ಮತ್ತೆ 55, ಮತ್ತೆ ಆನ್. ಟಕ ಟಕ.

ಹುಡುಗನಿಗೆ ತೋಟದ ಭಾಷೆಯಲ್ಲಿ ಹೇಳಿದೆ. "ಮೇಲಿನ ತೋಟಕ್ಕೂ ಕೆಳಗಿನ ತೋಟಕ್ಕೂ ಒಂದೇ ಬಸಿಗಾಲುವೆ ಇಟ್ಟೀಯ ಮಾರಾಯ. ಮೇಲಿಂದ ನೀರು ನುಗ್ಗಿದಾಗ ಕಾಲುವೆ ಮಟ್ಟ ಏರ್ತದೆ, ಕೆಳಗಿನವನ ಮರದ ಬುಡದಲ್ಲಿ ನೀರು ನಿಲ್ತದೆ. ಅವನು ನೀರು ಬಿಟ್ಟೇ ಇಲ್ಲ, ಪಾಪ." ಡ್ರಾಯಿಂಗಿನಲ್ಲಿ ಗ್ರೌಂಡ್ ಅಂದರೆ ಮೂರು ಗೆರೆ ಎಳೆದ ಒಂದು ಗುರುತು, ಎಲ್ಲಿ ಬೇಕಾದರೂ ಬರೆಯಬಹುದು. ಮೇಜಿನ ಮೇಲೆ ಅದು ಉದ್ದ ಇರುವ, ದಪ್ಪ ಇರುವ, ತುದಿ ಸಡಿಲ ಆಗುವ ತಾಮ್ರ.

ಸೆನ್ಸರಿನ ಗ್ರೌಂಡನ್ನು ಕಿತ್ತು ನೇರ ಆರ್ಡುಯಿನೊಗೆ ತಂದೆವು. ಆಗಲೇ ಬಡಿತ ನಿಂತಿತು. ಸುಮ್ಮನೆ ಇರಲಿ ಅಂತ ಬೋರ್ಡಿನ ಮೂಲೆಯ ಆ ಪುಟ್ಟ ಜಂಪರನ್ನೂ ತೆಗೆದು ರಿಲೇ ಕಾಯಿಲ್ಲುಗಳಿಗೆ ಒಂದು ಹಳೇ ಮೊಬೈಲ್ ಚಾರ್ಜರ್ ಕೊಟ್ಟೆವು. ಅದರ ನೆಗೆಟಿವ್ ಆರ್ಡುಯಿನೊ ಕಡೆ ಎಲ್ಲೂ ತಾಗದ ಹಾಗೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನ ಕಥೆ.

ಮನೆಯಲ್ಲಿ ಇನ್ನೊಂದು ಸಣ್ಣ ತಕರಾರು ಉಳಿದಿತ್ತು. ಬ್ಲೋವರಿನ ಕಾಂಟ್ಯಾಕ್ಟರ್ (ರಿಲೇ ಎಳೆಯುವ ದೊಡ್ಡ ಸ್ವಿಚ್ಚು) ಬಿಡುವಾಗ ಒಮ್ಮೊಮ್ಮೆ ಡಿಸ್‌ಪ್ಲೇ ತುಂಬ ಅರ್ಥವಿಲ್ಲದ ಅಕ್ಷರ. ಇದಕ್ಕೆ ಮೀಟರ್ ಸಾಲದು, ಕ್ಷಣದಲ್ಲಿ ಬಂದು ಹೋಗುವ ಹೊಡೆತ. ಅವರ ಅಜ್ಜನ ಬ್ಯಾಟರಿ ರೇಡಿಯೋ ತರಿಸಿ, 675 ಕಿಲೋಹರ್ಟ್ಸಿನ ಭದ್ರಾವತಿ ಆಕಾಶವಾಣಿಯಿಂದ ಮುಳ್ಳನ್ನು ಚೂರು ಆಚೆ ಸರಿಸಿ, ವೈರಿನ ಪೈಪಿನುದ್ದಕ್ಕೂ ಹಿಡಿದುಕೊಂಡು ಹೋದೆ. ಹುಡುಗ ಸ್ವಿಚ್ ಹಾಕಿ ತೆಗೆದ ಹಾಗೆಲ್ಲ ಚರ್ರ್. ಸೆನ್ಸರಿನ ವೈರು ಮೋಟಾರಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಮಲಗಿತ್ತು. ಅದನ್ನು ಎಳೆದು, ಜಡೆಯ ಹಾಗೆ ಹೊಸೆದು, ಒಂದು ಗೇಣು ದೂರ ಹೊಡೆದೆವು. ಕಾಂಟ್ಯಾಕ್ಟರ್ ಕಾಯಿಲ್ಲಿಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ಡಿನ, ಮೇನ್ಸಿಗೆ ಅಂತಲೇ ಮಾಡಿದ ಎಕ್ಸ್‌2 ಕೆಪಾಸಿಟರ್ ಸಾಲಾಗಿ ಹಾಕಿದೆ. ಡಿಸಿ ಕಾಯಿಲ್ಲಿನ ರೂಢಿಯಲ್ಲಿ ಇಲ್ಲಿ ಡಯೋಡ್ ಹಾಕಲು ಹೋಗಬೇಡಿ, 230 ವೋಲ್ಟ್ ಎಸಿಗೆ ಅದು ಶಾರ್ಟ್ ಆಗಿ ಫ್ಯೂಸೇ ಹೋಗುತ್ತದೆ.

ಲೆಕ್ಕ ಮಾಡುವಾಗ ಬಿಲ್ಲಿನಲ್ಲಿ ಎರಡು ಎಲ್‌ಎಂ35 ಇದ್ದವು. ಬಿಚ್ಚಿ ಡಬ್ಬಿಗೆ ಎಸೆದಿದ್ದ ಹಳೆಯದನ್ನೂ ಅದರ ಜೊತೆಗಿದ್ದ ಇನ್ನೊಂದನ್ನೂ ತೆಗೆದು ಹಚ್ಚಿ ನೋಡಿದೆ. ಎರಡೂ 26 ತೋರಿಸಿದವು. ಬಿಲ್ಲಿನಿಂದ ಸೆನ್ಸರಿನ ದುಡ್ಡು ಹೊಡೆದುಹಾಕಿದೆ. ಅವನು ಹಳೆಯದನ್ನು ಜೇಬಿಗೆ ಹಾಕಿಕೊಂಡು, "ಗಾಳಿ ಹೊರಗೆ ಹೋಗೋ ಕಡೆ ಇದನ್ನ ಕೂರಿಸ್ತೀನಿ ಅಣ್ಣಾ, ಗ್ರೌಂಡು ಬೇರೆ ಎಳೀತೀನಿ" ಅಂತ ಆಗುಂಬೆ ಬಸ್ಸಿಗೆ ಓಡಿದ.